ಸೇರುವ ದಿನವೇ ತೀರ್ಮಾನವಾಗುವ ವಿದ್ಯಾರ್ಥಿವೇತನ

ಪಿಯುಸಿ ಫಲಿತಾಂಶ ಬಂದ ವಾರದಿಂದ ಶೇಂಗಾ ಬಿತ್ತನೆ ಮುಗಿಯುವವರೆಗೆ ನಮ್ಮ ಸಿದ್ದಾಪುರದ ಮನೆಮನೆಯಲ್ಲೂ ಒಂದೇ ಮಾತು: "ಮುಂದೇನ್ ಓದ್ಸೋದು?" ಚಳ್ಳಕೆರೆಯಲ್ಲಿ ಬಿಎಸ್ಸಿಯೋ, ಮೊಳಕಾಲ್ಮೂರಿನಲ್ಲಿ ಬಿಎಯೋ, ಬಳ್ಳಾರಿಯಲ್ಲಿ ನರ್ಸಿಂಗೋ, ಚಿತ್ರದುರ್ಗದಲ್ಲಿ ಇಂಜಿನಿಯರಿಂಗೋ ಎಂಬ ಚರ್ಚೆ ಕಟ್ಟೆಯ ಮೇಲೂ ನಡೆಯುತ್ತದೆ, ಬಸ್ಸಿನಲ್ಲೂ ನಡೆಯುತ್ತದೆ. ವಿದ್ಯಾರ್ಥಿವೇತನದ ಸುದ್ದಿ ಮಾತ್ರ ಆಗ ಯಾರ ಬಾಯಲ್ಲೂ ಬರುವುದಿಲ್ಲ. ಅದು ಬರುವುದು ಕೆಲವು ತಿಂಗಳು ಕಳೆದು, ಎಸ್‌ಎಸ್‌ಪಿ ಎಂದು ಎಲ್ಲರೂ ಕರೆಯುವ ರಾಜ್ಯ ವಿದ್ಯಾರ್ಥಿವೇತನ ತಂತ್ರಾಂಶದಲ್ಲಿ ಅರ್ಜಿ ತೆರೆದಾಗ. "ನಮ್ ಹುಡ್ಗಂಗೆ ಎಷ್ಟು ಬರ್ತದೆ ಸಾರ್?" ಎಂದು ಅಪ್ಪಂದಿರು ಆಗ ಕೇಳುತ್ತಾರೆ. ಅರ್ಜಿ ತುಂಬಲು ಕೂತ ಮಕ್ಕಳ ಪಕ್ಕದಲ್ಲಿ ಎಷ್ಟೋ ವರ್ಷ ಕೂತಿರುವ ನಾನು ಅವರಿಗೆ ಹೇಳುವುದು ಇಷ್ಟೇ: ಅದು ಮಗ ಕಾಲೇಜಿಗೆ ಸೇರಿದ ದಿನವೇ ತೀರ್ಮಾನವಾಗಿಹೋಗಿದೆ. ಈಗ ನಾವು ತುಂಬುತ್ತಿರುವುದು ಬರೀ ಕಾಗದ.

ಜಾತಿ ಮತ್ತು ಆದಾಯ, ಇವೆರಡರ ಮೇಲೆ ವಿದ್ಯಾರ್ಥಿವೇತನ ನಿಂತಿದೆ ಎಂದು ನಮ್ಮ ಕಡೆ ಬಹುತೇಕರು ತಿಳಿದಿದ್ದಾರೆ. ಅದು ಸುಳ್ಳಲ್ಲ, ಆದರೆ ಅರ್ಧ ಮಾತ್ರ. ಅರ್ಜಿ ಹಾಕಬಹುದೇ ಇಲ್ಲವೇ ಎಂಬುದನ್ನು ಜಾತಿ-ಆದಾಯ ಪ್ರಮಾಣಪತ್ರ ಹೇಳುತ್ತದೆ. ಎಷ್ಟು ಹಣ, ಎಷ್ಟು ವರ್ಷ, ಒಂದು ವರ್ಷ ನಪಾಸಾದರೆ ಏನು, ಬೇರೆ ಯಾವ ನೆರವಿನ ಬಾಗಿಲು ತೆರೆಯುತ್ತದೆ, ಯಾವುದು ಮುಚ್ಚುತ್ತದೆ ಎಂಬುದನ್ನೆಲ್ಲ ನಿರ್ಧರಿಸುವುದು ಸೇರಿದ ಕೋರ್ಸು. ಒಂದೇ ಓಣಿಯ, ಒಂದೇ ಜಾತಿಯ, ಒಂದೇ ಆದಾಯದ ಇಬ್ಬರು ಮಕ್ಕಳ ಖಾತೆಗೆ ಬೇರೆಬೇರೆ ಮೊತ್ತ ಬಂದಾಗ "ಏನೋ ಮೋಸ ಆಗಿದೆ" ಎಂದು ಜಗಳವಾದದ್ದನ್ನು ನಾನು ನೋಡಿದ್ದೇನೆ. ಮೋಸ ಏನೂ ಆಗಿರಲಿಲ್ಲ. ಒಬ್ಬಳು ಬಿಎಸ್ಸಿ, ಇನ್ನೊಬ್ಬಳು ಬಿಸಿಎ.

ನಮ್ಮ ಭಾಗದಿಂದಲೇ ಶುರು ಮಾಡುತ್ತೇನೆ. ಚಳ್ಳಕೆರೆ, ಮೊಳಕಾಲ್ಮೂರು ಎರಡೂ ಪರಿಶಿಷ್ಟ ಪಂಗಡಕ್ಕೆ ಮೀಸಲಾದ ವಿಧಾನಸಭಾ ಕ್ಷೇತ್ರಗಳು. ನಾಯಕ ಸಮುದಾಯದ ಮಕ್ಕಳು ಇಲ್ಲಿ ದೊಡ್ಡ ಸಂಖ್ಯೆಯಲ್ಲಿದ್ದಾರೆ. ಅವರಿಗೆ ಸಿಗುವುದು ಪರಿಶಿಷ್ಟ ಪಂಗಡದ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ. ತಂದೆತಾಯಿಯ ವಾರ್ಷಿಕ ಆದಾಯ 2.5 ಲಕ್ಷ ರೂಪಾಯಿ ಮೀರಬಾರದು. ಎಸ್‌ಎಸ್‌ಎಲ್‌ಸಿ ಆದ ಮೇಲಿನ ಎಲ್ಲ ಓದನ್ನೂ ಈ ಯೋಜನೆ ನಾಲ್ಕು ಗುಂಪು ಮಾಡಿದೆ. ವೈದ್ಯಕೀಯ, ಇಂಜಿನಿಯರಿಂಗ್, ಕೃಷಿ, ಪಶುವೈದ್ಯ, ಮ್ಯಾನೇಜ್‌ಮೆಂಟ್, ಕಂಪ್ಯೂಟರ್ ಅಪ್ಲಿಕೇಷನ್ ಮೊದಲಾದ ಪದವಿಗಳು ಮೊದಲ ಗುಂಪು. ನರ್ಸಿಂಗ್, ಬಿ.ಫಾರ್ಮಾ, ಎಲ್‌ಎಲ್‌ಬಿ, ಪ್ಯಾರಾಮೆಡಿಕಲ್, ಹೋಟೆಲ್ ಮ್ಯಾನೇಜ್‌ಮೆಂಟ್‌ನಂಥವು ಎರಡನೆಯದು. ಎಂಎ, ಎಂಎಸ್ಸಿ, ಎಂಕಾಂ ಕೂಡ ಇಲ್ಲೇ. ಬಿಎ, ಬಿಎಸ್ಸಿ, ಬಿಕಾಂ ಮೂರನೆಯದು. ಎಸ್‌ಎಸ್‌ಎಲ್‌ಸಿ ಪಾಸಾದವರು ನೇರವಾಗಿ ಸೇರುವ ಪಿಯುಸಿ, ಐಟಿಐ, ಪಾಲಿಟೆಕ್ನಿಕ್ ಡಿಪ್ಲೊಮಾ ನಾಲ್ಕನೆಯದು.

ಹಾಸ್ಟೆಲ್‌ನಲ್ಲಿದ್ದರೆ ಮೊದಲ ಗುಂಪಿಗೆ ತಿಂಗಳಿಗೆ 1,200 ರೂಪಾಯಿ ನಿರ್ವಹಣಾ ಭತ್ಯೆ, ಎರಡನೆಯದಕ್ಕೆ 820, ಮೂರನೆಯದಕ್ಕೆ 570, ನಾಲ್ಕನೆಯದಕ್ಕೆ 380. ಮನೆಯಿಂದಲೇ ಓಡಾಡಿದರೆ 550, 530, 300, 230. ಇದು ಕೇಂದ್ರದ ದರ. ಕಾಲೇಜು ಕಡ್ಡಾಯವಾಗಿ ವಸೂಲಿ ಮಾಡುವ, ಹಿಂತಿರುಗಿಸದ ಶುಲ್ಕವನ್ನು ಇದರ ಜೊತೆಗೆ ಬೇರೆಯಾಗಿ ಕೊಡುತ್ತಾರೆ. ಮೇಲೆ ಹೇಳಿದ ಇಬ್ಬರು ಹುಡುಗಿಯರ ಲೆಕ್ಕ ಈಗ ಬಿಡಿಸಿಕೊಳ್ಳುತ್ತದೆ: ಇಬ್ಬರೂ ಊರಿಂದಲೇ ಬಸ್ಸಿನಲ್ಲಿ ಹೋಗಿಬರುವವರು, ಬಿಸಿಎಯವಳಿಗೆ ತಿಂಗಳಿಗೆ 550, ಬಿಎಸ್ಸಿಯವಳಿಗೆ 300.

ಹಾಸ್ಟೆಲ್ಲೋ ಮನೆಯೋ ಎಂಬ ಈ ಪ್ರಶ್ನೆ ನಮ್ಮ ನೆಲಕ್ಕೆ ಹೊಸದಲ್ಲ ಎಂದು ನನಗೆ ಆಗಾಗ ಅನ್ನಿಸುತ್ತದೆ. 1892ರಲ್ಲಿ ಬಿ.ಎಲ್. ರೈಸ್ ಅವರು ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರದ ಬಂಡೆಗಳ ಮೇಲೆ ಗುರುತಿಸಿದ ಅಶೋಕನ ಶಾಸನಗಳಲ್ಲಿ ಶಿಷ್ಯ ಗುರುವನ್ನು ಗೌರವಿಸಬೇಕೆಂಬ ಮಾತಿದೆ. ಬ್ರಹ್ಮಗಿರಿಯಲ್ಲಿ ಶಿಷ್ಯನಿಗೆ ಬಳಸಿದ ಪದ 'ಅಂತೇವಾಸಿ', ಅಂದರೆ ಗುರುವಿನ ಹತ್ತಿರವೇ ವಾಸಿಸುವವನು. ಸುಮಾರು 2,250 ವರ್ಷ ಹಿಂದೆ ನಮ್ಮೂರ ಪಕ್ಕದ ಬಂಡೆಯ ಮೇಲೆ ಬಿದ್ದ ಪದವದು. ಕಲಿಯಲು ಮನೆ ಬಿಟ್ಟು ಇರಬೇಕಾದವನ ಖರ್ಚು ಬೇರೆ ಎಂಬುದನ್ನು ಈಗಿನ ಅರ್ಜಿಯೂ ಒಪ್ಪುತ್ತದೆ. ಆದ್ದರಿಂದ ಹಾಸ್ಟೆಲ್‌ನಲ್ಲಿದ್ದೂ ಮರೆತು ಮನೆಯಿಂದ ಓಡಾಡುವವರೆಂದು ಗುರುತು ಹಾಕಬೇಡಿ. ಸರ್ಕಾರಿ ಹಾಸ್ಟೆಲ್‌ನಲ್ಲಿ ಊಟ-ವಸತಿ ಉಚಿತವಾಗಿ ಸಿಗುತ್ತಿದ್ದರೆ ಪೂರ್ತಿ ಹಾಸ್ಟೆಲ್ ದರ ಸಿಗುವುದಿಲ್ಲ, ಅದರ ಮೂರನೇ ಒಂದು ಭಾಗವಷ್ಟೇ ಎಂಬುದನ್ನೂ ತಿಳಿದಿರಿ. ಹಣ ಕಡಿಮೆ ಬಂತೆಂದು ದೂರುವ ಮೊದಲು ಇದನ್ನು ನೋಡಿಕೊಳ್ಳಬೇಕು.

ಪರಿಶಿಷ್ಟ ಜಾತಿಯ ಮಕ್ಕಳ ಯೋಜನೆಯಲ್ಲೂ ಆದಾಯದ ಮಿತಿ 2.5 ಲಕ್ಷವೇ, ಗುಂಪುಗಳೂ ನಾಲ್ಕೇ. 2021ರಲ್ಲಿ ನಿಯಮ ಪರಿಷ್ಕರಿಸಿದಾಗ ತಿಂಗಳ ಭತ್ಯೆಯ ಜಾಗದಲ್ಲಿ ವರ್ಷಕ್ಕೊಂದು ಶೈಕ್ಷಣಿಕ ಭತ್ಯೆ ಬಂತು. ಹಾಸ್ಟೆಲ್‌ನವರಿಗೆ ಗುಂಪಿನ ಪ್ರಕಾರ 13,500, 9,500, 6,000 ಮತ್ತು 4,000. ಮನೆಯಿಂದ ಹೋಗುವವರಿಗೆ 7,000, 6,500, 3,000 ಮತ್ತು 2,500. ಅಂಗವಿಕಲ ವಿದ್ಯಾರ್ಥಿಗಳಿಗೆ ಇದರ ಮೇಲೆ ಶೇ 10 ಹೆಚ್ಚು. ಇದರಲ್ಲಿ ಕೇಂದ್ರದ ಪಾಲು ಶೇ 60, ರಾಜ್ಯದ್ದು ಶೇ 40. ರಾಜ್ಯ ತನ್ನ ಪಾಲು ಬಿಡುಗಡೆ ಮಾಡಿದ ಮೇಲೆ ಕೇಂದ್ರದ ಪಾಲು ನೇರವಾಗಿ ವಿದ್ಯಾರ್ಥಿಯ ಖಾತೆಗೆ ಬರುತ್ತದೆ. ಹಾಗಾಗಿ ಹಣ ಎರಡು ಸಲ ಬೀಳುತ್ತದೆ. ಮೊದಲ ಸಲದ ಸಣ್ಣ ಮೊತ್ತ ನೋಡಿ ಇಷ್ಟೇನಾ ಎಂದು ಕಂಗೆಡುವುದು ಬೇಡ.

ಇಂಜಿನಿಯರ್ ಆಗಬೇಕೆನ್ನುವ ಹುಡುಗನಿಗೆ ಎರಡು ದಾರಿ. ಎಸ್‌ಎಸ್‌ಎಲ್‌ಸಿ ಮುಗಿಸಿ ಮೂರು ವರ್ಷ ಡಿಪ್ಲೊಮಾ ಮಾಡಿ, ಲ್ಯಾಟರಲ್ ಎಂಟ್ರಿಯಲ್ಲಿ ನೇರ ಬಿಇ ಎರಡನೇ ವರ್ಷಕ್ಕೆ ಸೇರಿ ಮೂರು ವರ್ಷ ಓದುವುದು. ಇಲ್ಲವೇ ಎರಡು ವರ್ಷ ಪಿಯುಸಿ, ನಾಲ್ಕು ವರ್ಷ ಬಿಇ. ಎರಡೂ ಆರೇ ವರ್ಷ. ಪರಿಶಿಷ್ಟ ಜಾತಿಯ ಹಾಸ್ಟೆಲ್ ದರದಲ್ಲಿ ಲೆಕ್ಕ ಹಾಕಿದರೆ ಮೊದಲ ದಾರಿಯ ಶೈಕ್ಷಣಿಕ ಭತ್ಯೆ 12,000 ಮತ್ತು 40,500 ಸೇರಿ 52,500. ಎರಡನೆಯದು 8,000 ಮತ್ತು 54,000 ಸೇರಿ 62,000. ವ್ಯತ್ಯಾಸ 9,500 ರೂಪಾಯಿ. ಡಿಪ್ಲೊಮಾದ ಮೂರೂ ವರ್ಷ ನಾಲ್ಕನೇ ಗುಂಪಿನಲ್ಲೇ ಇರುವುದು ಇದಕ್ಕೆ ಕಾರಣ. ಇಷ್ಟಕ್ಕೇ ಡಿಪ್ಲೊಮಾ ಬೇಡ ಎನ್ನುವವನು ನಾನಲ್ಲ. ಮೂರನೇ ವರ್ಷದ ಕೊನೆಗೆ ಡಿಪ್ಲೊಮಾದವನ ಕೈಯಲ್ಲಿ ಕೆಲಸ ಹುಡುಕಬಲ್ಲ ಸರ್ಟಿಫಿಕೇಟ್ ಇರುತ್ತದೆ. ಮಳೆ ಕೈಕೊಟ್ಟ ವರ್ಷ ಅದರ ಬೆಲೆ ನಮ್ಮ ಬಯಲುಸೀಮೆಯ ಮನೆಗಳಿಗೆ ಗೊತ್ತು. ಲೆಕ್ಕ ಗೊತ್ತಿದ್ದು ಆರಿಸಲಿ ಎಂಬುದಷ್ಟೇ ನನ್ನ ಆಸೆ.

ಗುಂಪು ಹಣಕ್ಕಷ್ಟೇ ಸಂಬಂಧಿಸಿದ್ದಲ್ಲ. ಪರಿಶಿಷ್ಟ ಪಂಗಡದ ಯೋಜನೆಯ ನಿಯಮದಲ್ಲಿ, ಮೊದಲ ಗುಂಪಿನ ವಿದ್ಯಾರ್ಥಿ ಮೊದಲ ಸಲ ನಪಾಸಾದರೂ ವಿದ್ಯಾರ್ಥಿವೇತನ ನವೀಕರಿಸಲು ಅವಕಾಶವಿದೆ. ಎರಡನೇ ಸಲ ನಪಾಸಾದರೆ ಮುಂದಿನ ತರಗತಿಗೆ ಹೋಗುವವರೆಗೆ ಖರ್ಚು ಅವನದೇ. ಬಿಎ, ಬಿಎಸ್ಸಿಯವರಿಗೆ ಈ ಒಂದು ಸಲದ ಮಾಫಿ ಇಲ್ಲ. ಕಷ್ಟದ ಕೋರ್ಸಿನವರಿಗೆ ಒಂದು ಅವಕಾಶ ಹೆಚ್ಚು ಎಂಬ ಯೋಚನೆ ಇದರ ಹಿಂದಿರಬಹುದು. ಆದರೆ ಹಳ್ಳಿ ಶಾಲೆಯಲ್ಲಿ ಕನ್ನಡದಲ್ಲಿ ಓದಿ, ಬಿಎಸ್ಸಿಗೆ ಬಂದು ಇಂಗ್ಲಿಷಿನಲ್ಲಿ ಭೌತಶಾಸ್ತ್ರ ಎದುರಿಸುವ ಹುಡುಗಿಗೂ ಅದು ಕಷ್ಟದ ಕೋರ್ಸೇ. ಈ ನಿಯಮ ಬದಲಾಗಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಇನ್ನೊಂದು ನಿಯಮ ಪ್ರತಿ ವರ್ಷವೂ ಯಾರನ್ನಾದರೂ ಎಡವಿಸುತ್ತದೆ. ಓದಿನ ಒಂದು ಹಂತ ಮುಗಿಸಿದವರು ಅದೇ ಹಂತದ ಇನ್ನೊಂದು ಕೋರ್ಸಿಗೆ ಸೇರಿದರೆ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಸಿಗುವುದಿಲ್ಲ. ಬಿಎ ಆದ ಮೇಲೆ ಬಿಕಾಂ, ಒಂದು ವಿಷಯದಲ್ಲಿ ಎಂಎ ಆದ ಮೇಲೆ ಇನ್ನೊಂದರಲ್ಲಿ ಎಂಎ ಇಂಥವು. ಮೆಟ್ಟಿಲು ಮೇಲಕ್ಕೆ ಹೋಗಬೇಕು, ಅದೇ ಮೆಟ್ಟಿಲ ಮೇಲೆ ಪಕ್ಕಕ್ಕೆ ಸರಿದರೆ ಹಣ ನಿಲ್ಲುತ್ತದೆ. ನಡುವೆ ಕೋರ್ಸನ್ನೋ ಕಾಲೇಜನ್ನೋ ಬದಲಿಸಬೇಕಾಗಿ ಬಂದರೆ ಇಲಾಖೆಯ ಒಪ್ಪಿಗೆ ಮೊದಲೇ ಪಡೆಯಿರಿ. ತಿಳಿಸದೆ ಬದಲಿಸಿದರೆ ಮಂಜೂರಾದದ್ದನ್ನೂ ರದ್ದು ಮಾಡಬಹುದು.

ಸೀಟು ಹೇಗೆ ಸಿಕ್ಕಿತು ಎಂಬುದನ್ನು ನಮ್ಮವರು ಕೇಳುವುದೇ ಇಲ್ಲ. ಸಿಇಟಿ ಬರೆದು ಪರೀಕ್ಷಾ ಪ್ರಾಧಿಕಾರದ ಮೂಲಕ ಸರ್ಕಾರಿ ಕೋಟಾದಲ್ಲಿ ಬಂದ ಸೀಟು ಒಂದು. ಮ್ಯಾನೇಜ್‌ಮೆಂಟ್ ಕೋಟಾದಲ್ಲಿ ನೇರವಾಗಿ ಕೊಂಡ ಸೀಟು ಇನ್ನೊಂದು. ಕಾಲೇಜು, ಕೋರ್ಸು, ಬೆಂಚು ಎಲ್ಲ ಒಂದೇ ಆದರೂ ಮ್ಯಾನೇಜ್‌ಮೆಂಟ್ ಕೋಟಾದ ಶುಲ್ಕವನ್ನು ಮೆಟ್ರಿಕ್ ನಂತರದ ಯೋಜನೆ ಮರುಪಾವತಿ ಮಾಡುವುದಿಲ್ಲ. "ಸೇರಿಸ್ರಿ, ಸ್ಕಾಲರ್‌ಶಿಪ್ ನಾವು ಮಾಡಿಸ್ಕೊಡ್ತೀವಿ" ಎಂದು ಯಾರಾದರೂ ಮನೆ ಬಾಗಿಲಿಗೆ ಬಂದರೆ, ಸೀಟು ಯಾವ ಕೋಟಾದ್ದು ಎಂದು ಬರವಣಿಗೆಯಲ್ಲಿ ಕೇಳಿ. ಅಲ್ಲಿಗೆ ಮಾತು ನಿಂತರೆ ಉತ್ತರ ಸಿಕ್ಕಿದಂತೆ. ಹಿಂದುಳಿದ ವರ್ಗಗಳ ಮಕ್ಕಳಿಗೆ ಡಿ. ದೇವರಾಜ ಅರಸು ನಿಗಮ ಶೇ 2ರ ಬಡ್ಡಿಯಲ್ಲಿ ವರ್ಷಕ್ಕೆ 1 ಲಕ್ಷದವರೆಗೆ ಕೊಡುವ 'ಅರಿವು' ಶೈಕ್ಷಣಿಕ ಸಾಲವೂ ಸಿಇಟಿ, ನೀಟ್ ಮೂಲಕ ವೃತ್ತಿಪರ ಕೋರ್ಸು ಸೇರಿದವರಿಗೇ.

ಹಿಂದುಳಿದ ವರ್ಗದವರ ವಿಷಯ ಬಂತು. ನಮ್ಮ ಹಟ್ಟಿಗಳ ಕಾಡುಗೊಲ್ಲರು ಪ್ರವರ್ಗ 1ರಲ್ಲಿ, ಕುರುಬರು 2ಎಯಲ್ಲಿ ಬರುತ್ತಾರೆ. ಕೇಂದ್ರದ ಪಿಎಂ ಯಶಸ್ವಿ ಯೋಜನೆ ಇವರ ಓದಿಗೂ ನಾಲ್ಕು ಗುಂಪುಗಳಲ್ಲಿ 5,000ದಿಂದ 20,000 ರೂಪಾಯಿವರೆಗಿನ ವಾರ್ಷಿಕ ಭತ್ಯೆ ಇಟ್ಟಿದೆ. ಪಿಯುಸಿ, ಐಟಿಐ, ಡಿಪ್ಲೊಮಾ ಕೆಳಗೆ, ವೃತ್ತಿಪರ ಪದವಿ ಮೇಲೆ. ರಾಜ್ಯದ ವಿದ್ಯಾಸಿರಿ ಮಾತ್ರ ಬೇರೆ ಜಾತಿಯದು. ಹಾಸ್ಟೆಲ್ ಸಿಗದೆ ಹೊರಗೆ ರೂಮು ಮಾಡಿಕೊಂಡವರಿಗೆ ಊಟ-ವಸತಿಗೆಂದು ತಿಂಗಳಿಗೆ 1,500ರಂತೆ ಹತ್ತು ತಿಂಗಳು, ಒಟ್ಟು 15,000. ಅಲ್ಲಿ ಎಂಬಿಬಿಎಸ್‌ಗೂ ಬಿಎಗೂ ಮೊತ್ತ ಒಂದೇ. ಹೊಟ್ಟೆಯ ಹಸಿವಿಗೆ ಗುಂಪಿಲ್ಲ ಎಂಬುದನ್ನು ಒಪ್ಪಿಕೊಂಡ ಈ ಯೋಜನೆಯ ಬಗ್ಗೆ ನನಗೆ ವಿಶೇಷ ಪ್ರೀತಿ.

ರೈತ ವಿದ್ಯಾನಿಧಿ 2021ರಲ್ಲಿ ಬಸವರಾಜ ಬೊಮ್ಮಾಯಿಯವರು ಮುಖ್ಯಮಂತ್ರಿಯಾದ ಕೂಡಲೇ ಘೋಷಣೆಯಾದ ಯೋಜನೆ. ಜಾತಿ ನೋಡದೆ ರೈತರ ಮಕ್ಕಳಿಗೆ ಎಂದು ಮಾಡಿದ್ದರಿಂದ ಶೇಂಗಾ ಬೆಳೆಯುವ ನಮ್ಮ ತಾಲ್ಲೂಕುಗಳಿಗೆ ಅದು ಹತ್ತಿರದ್ದಾಯಿತು. ಅದರಲ್ಲೂ ಕೋರ್ಸಿನದೇ ಏಣಿ. ಪಿಯುಸಿ, ಐಟಿಐ, ಡಿಪ್ಲೊಮಾಕ್ಕೆ ಹುಡುಗರಿಗೆ 2,500, ಹುಡುಗಿಯರಿಗೆ 3,000. ಬಿಎ, ಬಿಎಸ್ಸಿ, ಬಿಕಾಂಗೆ 5,000 ಮತ್ತು 5,500. ಎಲ್‌ಎಲ್‌ಬಿ, ನರ್ಸಿಂಗ್, ಫಾರ್ಮಸಿ, ಪ್ಯಾರಾಮೆಡಿಕಲ್‌ಗೆ 7,500 ಮತ್ತು 8,000. ಎಂಬಿಬಿಎಸ್, ಬಿಇ ಮತ್ತು ಎಲ್ಲ ಸ್ನಾತಕೋತ್ತರ ಕೋರ್ಸುಗಳಿಗೆ 10,000 ಮತ್ತು 11,000. ಆಮೇಲೆ ಇದನ್ನು ನೇಕಾರರ ಮಕ್ಕಳಿಗೂ ವಿಸ್ತರಿಸಿದರು. ರೇಷ್ಮೆ ಸೀರೆಗೆ ಹೆಸರಾದ ಮೊಳಕಾಲ್ಮೂರಿನಲ್ಲಿ ಮಗ್ಗದ ಮನೆಯವರು ಇದನ್ನು ತಿಳಿದಿರಬೇಕು. ರೈತರಿಗೆ ಬೇಕಾದದ್ದು ರೈತರ ನೋಂದಣಿಯ ಫ್ರೂಟ್ಸ್ ತಂತ್ರಾಂಶದ ಎಫ್‌ಐಡಿ ಸಂಖ್ಯೆ. ಪಹಣಿ ತಾತನ ಹೆಸರಿನಲ್ಲೇ ಉಳಿದು, ಅಪ್ಪನಿಗೆ ಎಫ್‌ಐಡಿ ಇಲ್ಲದೆ ತಪ್ಪಿಹೋದ ಮಕ್ಕಳನ್ನು ಬಹಳ ಕಂಡಿದ್ದೇನೆ. ಯಾವ ವರ್ಷಕ್ಕೆ ಅರ್ಜಿ ಕರೆದಿದ್ದಾರೆಂದು ಎಸ್‌ಎಸ್‌ಪಿಯಲ್ಲೋ ಕೃಷಿ ಇಲಾಖೆಯ ರೈತ ಸಂಪರ್ಕ ಕೇಂದ್ರದಲ್ಲೋ ವಿಚಾರಿಸಿ.

ಇಲ್ಲೊಂದು ವಿಷಯ ಗಮನಿಸಿ. ಎಂಎ ಓದುವವಳು ಪರಿಶಿಷ್ಟ ಪಂಗಡದ ಪಟ್ಟಿಯಲ್ಲಿ ಎರಡನೇ ಗುಂಪು. ರೈತ ವಿದ್ಯಾನಿಧಿಯಲ್ಲಿ ಎಂಬಿಬಿಎಸ್‌ನವರ ಸಾಲಿನಲ್ಲೇ ಮೇಲಿನ ಮೆಟ್ಟಿಲು. ಒಂದು ಯೋಜನೆಯ ಗುಂಪನ್ನು ಇನ್ನೊಂದಕ್ಕೆ ಅನ್ವಯಿಸಿ "ನನಗಿಷ್ಟೇ ಬರೋದು" ಎಂದು ಕೂರಬಾರದು.

ಅಂಕ ಚೆನ್ನಾಗಿದ್ದ ಮಕ್ಕಳಿಗೆ ಕೋರ್ಸಿನ ಆಯ್ಕೆ ಇನ್ನೂ ದೊಡ್ಡ ವ್ಯತ್ಯಾಸ ಮಾಡುತ್ತದೆ. ಕೇಂದ್ರ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ಇನ್‌ಸ್ಪೈರ್ ವಿದ್ಯಾರ್ಥಿವೇತನ ವರ್ಷಕ್ಕೆ 80,000 ರೂಪಾಯಿ. ಅದರಲ್ಲಿ 60,000 ನಗದು, 20,000 ಬೇಸಿಗೆಯ ಸಂಶೋಧನಾ ಪ್ರಾಜೆಕ್ಟಿಗೆ. ಪಿಯುಸಿಯಲ್ಲಿ ಬೋರ್ಡಿನ ಮೇಲಿನ ಶೇ 1ರೊಳಗೆ ಬಂದು, ಬಿಎಸ್ಸಿಯಲ್ಲೋ ಸಂಯೋಜಿತ ಎಂಎಸ್ಸಿಯಲ್ಲೋ ಮೂಲವಿಜ್ಞಾನ ಓದುವವರಿಗೆ. ಅದೇ ಅಂಕದ ವಿದ್ಯಾರ್ಥಿ ಬಿಇಗೋ ಎಂಬಿಬಿಎಸ್‌ಗೋ ಸೇರಿದರೆ ಇದು ಇಲ್ಲ. ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಎರಡನೇ ಆವರಣ ಇದೆ. ಬಾರ್ಕ್, ಡಿಆರ್‌ಡಿಒ, ಇಸ್ರೊ ಪಕ್ಕದ ಚಳ್ಳಕೆರೆ ತಾಲ್ಲೂಕಿನ ಕಾವಲಿನಲ್ಲೇ ನೆಲೆಯೂರಿವೆ. ಅಷ್ಟು ವಿಜ್ಞಾನ ಕಣ್ಣೆದುರಿಗಿದ್ದೂ "ಬಿಎಸ್ಸಿ ಯಾಕೆ, ಅದರಲ್ಲೇನಿದೆ" ಎನ್ನುವ ಮಾತು ಕೇಳಿದಾಗ ನನಗೆ ಸಂಕಟವಾಗುತ್ತದೆ. ಬುದ್ಧಿವಂತ ಮಗುವಿಗೆ ಬಿಎಸ್ಸಿಯಲ್ಲೇ ಇಷ್ಟು ದೊಡ್ಡ ವಿದ್ಯಾರ್ಥಿವೇತನ ಇದೆ ಎಂಬುದು ಆ ಅಪ್ಪನಿಗೆ ಯಾರೂ ಹೇಳಿರುವುದಿಲ್ಲ.

ಹುಡುಗಿ ತಾಂತ್ರಿಕ ಓದಿಗೆ ಹೋದರೆ ಎಐಸಿಟಿಇಯ ಪ್ರಗತಿ ಇದೆ, ವರ್ಷಕ್ಕೆ 50,000. ಎಐಸಿಟಿಇ ಮಾನ್ಯತೆ ಪಡೆದ ಕಾಲೇಜಿನ ಡಿಪ್ಲೊಮಾಕ್ಕೂ ಸಲ್ಲುತ್ತದೆ, ಪದವಿಗೂ ಸಲ್ಲುತ್ತದೆ. ಲ್ಯಾಟರಲ್ ಎಂಟ್ರಿಯವರೂ ಹಾಕಬಹುದು. ಕುಟುಂಬದ ಆದಾಯ 8 ಲಕ್ಷದೊಳಗಿರಬೇಕು, ಒಂದು ಮನೆಯಿಂದ ಇಬ್ಬರು ಹೆಣ್ಣುಮಕ್ಕಳವರೆಗೆ ಅವಕಾಶ. ಇದೇ ಮಂಡಳಿಯ ಸಕ್ಷಮ್ ಯೋಜನೆ ಶೇ 40 ಮತ್ತು ಅದಕ್ಕಿಂತ ಹೆಚ್ಚು ಅಂಗವೈಕಲ್ಯ ಇರುವವರಿಗೆ. ಮೂಲವಿಜ್ಞಾನದ ಬಿಎಸ್ಸಿಗೆ ಪ್ರಗತಿ ಇಲ್ಲ, ಬಿಇಗೆ ಇನ್‌ಸ್ಪೈರ್ ಇಲ್ಲ.

ಕೇಂದ್ರ ಶಿಕ್ಷಣ ಸಚಿವಾಲಯದ ಕಾಲೇಜು ವಿದ್ಯಾರ್ಥಿಗಳ ವಿದ್ಯಾರ್ಥಿವೇತನ ಇವೆರಡರ ನಡುವಿನದು. ಪಿಯುಸಿಯಲ್ಲಿ ತಮ್ಮ ವಿಭಾಗದ ಮೇಲಿನ ಶೇ 20ರೊಳಗೆ ಬಂದು, ಆದಾಯ 4.5 ಲಕ್ಷ ಮೀರದವರಿಗೆ ಪದವಿಯ ಮೊದಲ ಮೂರು ವರ್ಷ 12,000, ಸ್ನಾತಕೋತ್ತರದಲ್ಲಿ 20,000. ಬಿಇಯಂಥ ಕೋರ್ಸಿನ ನಾಲ್ಕನೇ ವರ್ಷವೂ 20,000. ರೆಗ್ಯುಲರ್ ಪದವಿ ಆಗಿರಲೇಬೇಕು: ಡಿಪ್ಲೊಮಾಕ್ಕಿಲ್ಲ, ದೂರಶಿಕ್ಷಣಕ್ಕಿಲ್ಲ. ಪ್ರತಿ ವರ್ಷ ಶೇ 50 ಅಂಕ, ಶೇ 75 ಹಾಜರಾತಿ ಇದ್ದರೆ ಮುಂದುವರಿಯುತ್ತದೆ. ಅರ್ಜಿ ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ. ಬೇರೆ ವಿದ್ಯಾರ್ಥಿವೇತನ ಪಡೆಯುತ್ತಿರುವವರಿಗೆ ಇದು ಸಲ್ಲದು, ಆದ್ದರಿಂದ ಯಾವುದರಲ್ಲಿ ಹೆಚ್ಚು ಅನುಕೂಲ ಎಂದು ಮೊದಲೇ ಕೂಡಿಸಿ ಕಳೆದು ನೋಡಬೇಕು.

ಇನ್ನು ಅಜೀಂ ಪ್ರೇಮ್‌ಜಿ ಫೌಂಡೇಶನ್ ಹೆಣ್ಣುಮಕ್ಕಳಿಗೆ ಕೊಡುವ ವರ್ಷಕ್ಕೆ 30,000 ರೂಪಾಯಿ. ಇಲ್ಲಿ ಪದವಿ ಯಾವುದಾದರೂ ಸರಿ, ಬಿಎಯೂ ಸರಿ. ಆದರೆ 10 ಮತ್ತು 12ನೇ ತರಗತಿ ಎರಡನ್ನೂ ಸರ್ಕಾರಿ ಸಂಸ್ಥೆಯಲ್ಲಿ ಓದಿ ಪಾಸಾಗಿ, ಪದವಿಯ ಅಥವಾ ಡಿಪ್ಲೊಮಾದ ಮೊದಲ ವರ್ಷಕ್ಕೆ ಸೇರಿರಬೇಕು. ಈ ನಿಯಮದ ಹರಿತ ಎಲ್ಲಿದೆ ನೋಡಿ. ರಾಂಪುರದ ಕಡೆಯ ಒಬ್ಬ ಹುಡುಗಿ ಸರ್ಕಾರಿ ಪ್ರೌಢಶಾಲೆಯಲ್ಲಿ ಎಸ್‌ಎಸ್‌ಎಲ್‌ಸಿ ಮುಗಿಸಿದಳೆಂದು ಇಟ್ಟುಕೊಳ್ಳಿ. ನೇರ ಪಾಲಿಟೆಕ್ನಿಕ್ ಸೇರಿದರೆ ಪ್ರಗತಿಗೆ ಅರ್ಜಿ ಹಾಕಬಹುದು; ಪಿಯುಸಿ ಆಗಿಲ್ಲದ್ದರಿಂದ ಈ 30,000 ಅವಳಿಗಿಲ್ಲ. ಸರ್ಕಾರಿ ಪಿಯು ಕಾಲೇಜಿಗೆ ಹೋಗಿ ಆಮೇಲೆ ಬಿಎ ಸೇರಿದರೆ ಪ್ರಗತಿ ಇಲ್ಲ, ಇದು ಇದೆ. ಪಿಯುಸಿಗೆಂದು ಸಾಲ ಮಾಡಿ ಖಾಸಗಿ ಕಾಲೇಜಿಗೆ ಸೇರಿಸಿದರೆ ಇದರ ಬಾಗಿಲು ಎರಡು ವರ್ಷ ಮೊದಲೇ ಮುಚ್ಚಿರುತ್ತದೆ. ಹದಿನಾರು ವರ್ಷದ ಹುಡುಗಿ ಜೂನ್ ತಿಂಗಳ ಒಂದು ಬೆಳಿಗ್ಗೆ ಯಾವ ಬಸ್ಸು ಹತ್ತಿದಳು ಎಂಬುದರ ಮೇಲೆ ಇಷ್ಟೆಲ್ಲ ನಿಂತಿದೆ.

ಸರ್ಟಿಫಿಕೇಟ್ ಕೋರ್ಸುಗಳ ಬಗ್ಗೆ ಎಚ್ಚರಿಕೆ ಹೇಳಲೇಬೇಕು. ಮಾನ್ಯತೆ ಇಲ್ಲದ ಕೋರ್ಸಿಗೆ ಯಾವ ಸರ್ಕಾರಿ ಯೋಜನೆಯೂ ಹಣ ಕೊಡುವುದಿಲ್ಲ. ಕೆಲವು ವರ್ಷಗಳ ಹಿಂದೆ ನಮ್ಮ ಪಕ್ಕದ ಹಟ್ಟಿಯ ಹುಡುಗನೊಬ್ಬ ಪೇಟೆಯೊಂದರ ಸಂಸ್ಥೆಯಲ್ಲಿ ಒಂದು ವರ್ಷದ ಲ್ಯಾಬ್ ಕೋರ್ಸಿಗೆ ಸೇರಿದ್ದ. ಕುರಿ ಮಾರಿ ಶುಲ್ಕ ಕಟ್ಟಿದ್ದರು. ಎಸ್‌ಎಸ್‌ಪಿ ಅರ್ಜಿಗೆಂದು ನನ್ನ ಹತ್ತಿರ ಬಂದಾಗ ಪಟ್ಟಿಯಲ್ಲಿ ಆ ಸಂಸ್ಥೆಯ ಹೆಸರನ್ನು ಮೂರು ಸಲ ಹುಡುಕಿದೆವು, ಇರಲಿಲ್ಲ. ಕೋರ್ಸೂ ಇರಲಿಲ್ಲ. "ಕಾಗುಣಿತ ಬದಲಾಯಿಸಿ ನೋಡಣ್ಣ" ಎಂದು ಅವನು ಮತ್ತೆ ಮತ್ತೆ ಹೇಳುತ್ತಿದ್ದ. ಅವತ್ತಿನಿಂದ ನಾನು ಎಲ್ಲರಿಗೂ ಒಂದು ಪರೀಕ್ಷೆ ಹೇಳುತ್ತೇನೆ: ಶುಲ್ಕ ಕಟ್ಟುವ ಮೊದಲು ಆ ಕಾಲೇಜಿನ, ಅದೇ ಕೋರ್ಸಿನ ಹಿಂದಿನ ವರ್ಷದ ವಿದ್ಯಾರ್ಥಿಯೊಬ್ಬರ ಎಸ್‌ಎಸ್‌ಪಿ ಸ್ವೀಕೃತಿ ಪತ್ರ ನೋಡಿ. ಇದ್ದರೆ ತೋರಿಸುತ್ತಾರೆ.

ನಾವು ಗಡಿಯವರು. ಮೊಳಕಾಲ್ಮೂರಿನಿಂದ ಆಂಧ್ರದ ರಾಯದುರ್ಗ ಹತ್ತಿರ, ಅನಂತಪುರದ ಕಾಲೇಜುಗಳಿಗೂ ನಮ್ಮ ಮಕ್ಕಳು ಹೋಗುತ್ತಾರೆ. ಅಲ್ಲಿ ಓದಿದರೆ ಅಲ್ಲಿನ ಸರ್ಕಾರ ಕೊಡುತ್ತದೆ ಎಂಬುದು ತಪ್ಪು ತಿಳಿವಳಿಕೆ. ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಕೊಡುವುದು ವಿದ್ಯಾರ್ಥಿಯ ತಾಯ್ನಾಡಿನ ರಾಜ್ಯ. ಹೊರರಾಜ್ಯದಲ್ಲಿ ಓದುವ ಕರ್ನಾಟಕದವರು ಅರ್ಜಿ ಹಾಕಬೇಕಾದದ್ದು ಇಲ್ಲೇ, ಎಸ್‌ಎಸ್‌ಪಿಯಲ್ಲೇ. ದಾಖಲೆಗಳಿಗೆ ಆ ಕಾಲೇಜಿನ ದೃಢೀಕರಣ ತರಲು ಓಡಾಟ ಹೆಚ್ಚು, ಅದಕ್ಕೆ ಸಮಯ ಇಟ್ಟುಕೊಳ್ಳಿ.

ಎಷ್ಟೇ ಕೂಡಿಸಿದರೂ ವಿದ್ಯಾರ್ಥಿವೇತನ ಸಾಲದ ಮನೆಗಳು ಬ್ಯಾಂಕಿಗೆ ಹೋಗುತ್ತವೆ. ಅಲ್ಲಿ ಕೋರ್ಸಿನ ಜೊತೆ ಕಾಲೇಜಿನ ದರ್ಜೆಯೂ ಲೆಕ್ಕಕ್ಕೆ ಬರುತ್ತದೆ. 2024ರ ನವೆಂಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ಪಿಎಂ ವಿದ್ಯಾಲಕ್ಷ್ಮಿ ಯೋಜನೆ, ರ‍್ಯಾಂಕಿಂಗ್ ಆಧಾರದ ಮೇಲೆ ಆರಿಸಿದ ಸಂಸ್ಥೆಗಳಿಗೆ ಸೇರಿದವರಿಗೆ ಆಸ್ತಿ ಅಡವಿಲ್ಲದೆ ಸಾಲ ಕೊಡುತ್ತದೆ. ಆದಾಯ 8 ಲಕ್ಷದೊಳಗಿದ್ದರೆ 10 ಲಕ್ಷದವರೆಗಿನ ಸಾಲಕ್ಕೆ ಶೇ 3ರ ಬಡ್ಡಿ ರಿಯಾಯಿತಿ. ಆದಾಯ 4.5 ಲಕ್ಷದೊಳಗಿದ್ದು, ಓದುತ್ತಿರುವುದು ತಾಂತ್ರಿಕ ಅಥವಾ ವೃತ್ತಿಪರ ಕೋರ್ಸಾದರೆ, ಓದಿನ ಅವಧಿ ಮತ್ತು ಅದರ ಮೇಲೊಂದು ವರ್ಷದ ಬಡ್ಡಿಯನ್ನು ಪೂರ್ತಿ ಸರ್ಕಾರ ಭರಿಸುವ ಇನ್ನೊಂದು ಯೋಜನೆ ಇದೆ. ಅದಕ್ಕೆ ಕಾಲೇಜಿಗೆ ನ್ಯಾಕ್ ಅಥವಾ ಕೋರ್ಸಿಗೆ ಎನ್‌ಬಿಎ ಮಾನ್ಯತೆ ಬೇಕು. ಬಿಎ ಓದುವವಳಿಗೆ ಈ ಎರಡನೆಯದು ಸಿಗುವುದಿಲ್ಲ. ಮ್ಯಾನೇಜರ್ ಬಳಿ ಹೋದಾಗ ಯೋಜನೆಯ ಹೆಸರು ಹೇಳಿಯೇ ಕೇಳಿ.

ಕೋರ್ಸು ಮುಗಿದ ಮೇಲೂ ಅದರ ಗುಂಪು ಹಿಂಬಾಲಿಸುತ್ತದೆ. ಪರಿಶಿಷ್ಟ ಜಾತಿ, ಪಂಗಡದ ಮಕ್ಕಳು ಮೊದಲ ಯತ್ನದಲ್ಲೇ ಪ್ರಥಮ ದರ್ಜೆಯಲ್ಲಿ ಪಾಸಾದರೆ ರಾಜ್ಯ ಪ್ರೋತ್ಸಾಹಧನ ಕೊಡುತ್ತದೆ: ಪಿಯುಸಿ ಮತ್ತು ಡಿಪ್ಲೊಮಾಕ್ಕೆ 20,000, ಪದವಿಗೆ 25,000, ಸ್ನಾತಕೋತ್ತರಕ್ಕೆ 30,000, ಕೃಷಿ, ಪಶುವೈದ್ಯ, ಇಂಜಿನಿಯರಿಂಗ್, ವೈದ್ಯಕೀಯಕ್ಕೆ 35,000. ಇದಕ್ಕೆ ಬೇರೆ ಅರ್ಜಿ. ವಿದ್ಯಾರ್ಥಿವೇತನ ಬಂತಲ್ಲ ಎಂದು ಸುಮ್ಮನಾಗಿ ಇದನ್ನು ಕಳೆದುಕೊಂಡವರಿಗೆ ಲೆಕ್ಕವಿಲ್ಲ. 2024ರ ಜನವರಿಯಲ್ಲಿ ಶುರುವಾದ ಯುವನಿಧಿಯಲ್ಲೂ ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500. ಮುಂದೆ ಓದಲು ಸೇರಿದರೆ ಅದು ನಿಲ್ಲುತ್ತದೆ.

ಇಷ್ಟೆಲ್ಲ ಓದಿದ ಮೇಲೆ "ಹಾಗಾದ್ರೆ ಮೊದಲನೇ ಗುಂಪಿನ ಕೋರ್ಸಿಗೇ ಸೇರಿಸೋಣ" ಎಂದು ಯಾರೂ ಹೊರಡಬಾರದು. ಆ ಗುಂಪಿನ ಕೋರ್ಸುಗಳ ಖರ್ಚೂ ದೊಡ್ಡದು. ಖಾಸಗಿ ಕಾಲೇಜಿನ ಶುಲ್ಕ, ಪೇಟೆಯ ರೂಮು ಬಾಡಿಗೆ, ಪುಸ್ತಕ ಎಲ್ಲ ಸೇರಿದರೆ ತಿಂಗಳಿಗೆ ಇನ್ನೂರೈವತ್ತು ರೂಪಾಯಿಯ ವ್ಯತ್ಯಾಸ ಎಲ್ಲಿಗೂ ಸಾಲದು. ಚಳ್ಳಕೆರೆಯ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಬಿಎಸ್ಸಿ ಓದುವವಳ ಭತ್ಯೆ ಕಡಿಮೆ, ಖರ್ಚೂ ಕಡಿಮೆ. ಅದೇ ಊರಿನ ಸರ್ಕಾರಿ ಇಂಜಿನಿಯರಿಂಗ್ ಕಾಲೇಜಿನಲ್ಲಿ ಸಿಇಟಿ ಸೀಟು ಸಿಕ್ಕರೆ ಶುಲ್ಕ ಸರ್ಕಾರದ್ದು, ಗುಂಪು ಮೊದಲನೆಯದು. ಇಂಜಿನಿಯರಿಂಗೇ ಬೇಕೆನ್ನುವ ಮಗುವಿಗೆ ದೂರದ ಖಾಸಗಿ ಕಾಲೇಜಿಗಿಂತ ಅದು ಎಷ್ಟೋ ಮೇಲು. ಬರುವ ಹಣ ಮತ್ತು ಆಗುವ ಖರ್ಚು ಎರಡನ್ನೂ ಒಂದೇ ಹಾಳೆಯ ಮೇಲೆ ಬರೆಯಿರಿ.

ಸೇರಲು ಹೋಗುವ ದಿನ ಕಾಲೇಜಿನ ಕಚೇರಿಯಲ್ಲಿ ಕೇಳಬೇಕಾದದ್ದು ಹೆಚ್ಚೇನಿಲ್ಲ. ಈ ಕೋರ್ಸು ಎಸ್‌ಎಸ್‌ಪಿಯಲ್ಲಿ ಯಾವ ಹೆಸರಿನಿಂದ ಇದೆ? ಸೀಟು ಯಾವ ಕೋಟಾದ್ದೆಂದು ರಸೀದಿಯಲ್ಲಿ ಬರೆಯುತ್ತೀರಾ? ಮಾನ್ಯತೆ ಕೊಟ್ಟದ್ದು ಯಾರು, ಯಾವ ವಿಶ್ವವಿದ್ಯಾಲಯ? ಅರ್ಜಿಯ ದಾಖಲೆಗಳನ್ನು ಇ-ದೃಢೀಕರಣ ಮಾಡುವ ಅಧಿಕಾರಿ ಯಾರು? ಪದವಿಯ ಮಕ್ಕಳು ವಿಶ್ವವಿದ್ಯಾಲಯ ಪ್ರವೇಶದ ತಂತ್ರಾಂಶವಾದ ಯುಯುಸಿಎಂಎಸ್‌ನ ಸಂಖ್ಯೆಯನ್ನು ಅವತ್ತೇ ಬರೆದಿಟ್ಟುಕೊಳ್ಳಲಿ.

ಮನೆಯಲ್ಲಿ ಮಾಡಿಕೊಳ್ಳಬೇಕಾದದ್ದೂ ಇದೆ. ನಾಡಕಚೇರಿಯ ಆದಾಯ ಪ್ರಮಾಣಪತ್ರಕ್ಕೆ ಐದು ವರ್ಷದ ಆಯಸ್ಸು. ಅದರ ಮೇಲಿರುವ ಆರ್‌ಡಿ ಸಂಖ್ಯೆಯನ್ನು ಅರ್ಜಿಯಲ್ಲಿ ಹಾಕುವ ಮೊದಲು ದಿನಾಂಕ ನೋಡಿ. ಆಧಾರ್, ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ, ಜಾತಿ ಪ್ರಮಾಣಪತ್ರ ಮೂರರಲ್ಲೂ ಹೆಸರು ಒಂದೇ ಇರಬೇಕು. ಕೊನೆಗೆ ಬ್ಯಾಂಕ್ ಖಾತೆ. ಅರ್ಜಿಯಲ್ಲಿ ಯಾವ ಪಾಸ್‌ಬುಕ್ ತೋರಿಸಿದರೂ ಹಣ ಹೋಗುವುದು ಆಧಾರ್ ಕೊನೆಯ ಸಲ ಎನ್‌ಪಿಸಿಐನಲ್ಲಿ ಜೋಡಣೆಯಾದ ಖಾತೆಗೆ. ಬೇರೆ ಯಾವುದೋ ಕೆಲಸಕ್ಕೆಂದು ಹೊಸ ಖಾತೆ ತೆರೆದು, ಅಲ್ಲಿ ಆಧಾರ್ ಕೊಟ್ಟು ಮರೆತ ಹುಡುಗರು "ದುಡ್ಡೇ ಬಂದಿಲ್ಲ" ಎಂದು ಕಚೇರಿಗೆ ಅಲೆಯುತ್ತಾರೆ. ಹಣ ಆ ಮರೆತ ಖಾತೆಯಲ್ಲಿ ತಿಂಗಳುಗಟ್ಟಲೆ ಬಿದ್ದಿರುತ್ತದೆ. ಖಾತೆ ಇರುವ ಬ್ಯಾಂಕಿಗೋ ಅಂಚೆ ಕಚೇರಿಗೋ ಹೋಗಿ, ನನ್ನ ಆಧಾರ್ ಈಗ ಯಾವ ಖಾತೆಗೆ ಜೋಡಣೆಯಾಗಿದೆ ಎಂದು ಒಮ್ಮೆ ಕೇಳಿ ಬನ್ನಿ.